ಬರೆದವರ ಫೋಲ್ಡರಿನಲ್ಲೇ ಪರೀಕ್ಷೆ

ಜೂನ್ ತಿಂಗಳ ಎರಡನೆಯ ಸೋಮವಾರ, ಬೆಳಿಗ್ಗೆ ಒಂಬತ್ತೂವರೆ. ಸ್ಥಳ ಮೂಡಬಿದ್ರೆ, ಬಸ್‌ಸ್ಟ್ಯಾಂಡಿಗೆ ಸಮೀಪದ ಕಟ್ಟಡದ ಎರಡನೆಯ ಮಾಳಿಗೆಯಲ್ಲಿರುವ ನಮ್ಮ ಕಚೇರಿ. ಹಾಜರಿದ್ದವರು ಮೂವರು: ವಿಭಾಗದ ಮುಖ್ಯಸ್ಥೆ ಸಫಿಯಾ, ಬರಹಗಾರ ಲ್ಯಾನ್ಸಿ ಮತ್ತು ನಾನು. ಸಫಿಯಾ ವಿಟ್ಲದವಳು, ವಯಸ್ಸಿನಲ್ಲಿ ನನ್ನ ಮಗಳಿಗಿಂತ ಚಿಕ್ಕವಳು, ಅಧಿಕಾರದಲ್ಲಿ ನನ್ನ ಮೇಲಿನವಳು. ನಾನು ಬಂಟ್ವಾಳದವನು. ವಾಯುಪಡೆಯಲ್ಲಿ ವಿಮಾನಗಳ ಕೈಪಿಡಿಗೆ ತಿದ್ದುಪಡಿ ಹಾಳೆ ಅಂಟಿಸುತ್ತಾ ಸೇವಾವಧಿ ಮುಗಿಸಿ, ಇಲ್ಲಿ ಎಲ್ಲರ ಕಡತಗಳ ನಕಲು ಕಾಯುವ ಕೆಲಸಕ್ಕೆ ಸೇರಿದವನು. ಹನ್ನೊಂದು ಗಂಟೆಗೆ ನಾಲ್ಕನೆಯವರೊಬ್ಬರು ಬರುವವರಿದ್ದರು. ಅವರು ನಮ್ಮ ಹಿಂದಿನ ಮುಖ್ಯಸ್ಥರ ಮಗಳು, ಬೆಳ್ತಂಗಡಿಯ ಹೈಸ್ಕೂಲಿನಲ್ಲಿ ಟೀಚರ್. ಹಿಂದಿನ ಮುಖ್ಯಸ್ಥರು ಕಳೆದ ತಿಂಗಳು ತೀರಿಕೊಂಡಿದ್ದರು.

ಈ ಬರಹ ಅವರ ಕುರಿತು. ಹೆಸರು ಹೇಳುವುದಿಲ್ಲ. ಗೊತ್ತಿದ್ದವರಿಗೆ ಎರಡು ಪ್ಯಾರಾ ಓದುವಷ್ಟರಲ್ಲಿ ಗೊತ್ತಾಗುತ್ತದೆ.

ಮೊದಲು ಕೆಲಸದ ವಿಚಾರ. ನಮ್ಮ ಕಂಪೆನಿ ಶಾಲೆ, ಕಾಲೇಜುಗಳ ಲ್ಯಾಬುಗಳಿಗೆ ಒಂದು ಪ್ರೋಗ್ರಾಮಿಂಗ್ ಭಾಷೆಯನ್ನೂ ಅದನ್ನು ನಡೆಸುವ ಸಲಕರಣೆಯನ್ನೂ ಒದಗಿಸುತ್ತದೆ. ಕಪ್ಪು ಪರದೆಯಲ್ಲಿ ಆ ಸಲಕರಣೆಯ ಹೆಸರು ಟೈಪ್ ಮಾಡಿ, ಮುಂದೆ ಎರಡು ಅಡ್ಡಗೆರೆ ಹಾಕಿ ಒಂದು ಪದ ಸೇರಿಸಿದರೆ ಅದು ಬೇರೆ ರೀತಿ ವರ್ತಿಸುತ್ತದೆ. ಆ ಪದಗಳಿಗೆ ಆಪ್ಷನ್ ಎನ್ನುತ್ತೇವೆ. ಒಂದು ಆಪ್ಷನ್ ತಪ್ಪು ಹುಡುಕುತ್ತದೆ, ಒಂದು ಫಲಿತಾಂಶವನ್ನು ಬೇರೆ ಫೋಲ್ಡರಿಗೆ ಬರೆಯುತ್ತದೆ, ಒಂದು ಬೇಡದ ಫೋಲ್ಡರನ್ನು ಗುಡಿಸಿ ಖಾಲಿ ಮಾಡುತ್ತದೆ. ಪ್ರತಿ ಹೊಸ ಆವೃತ್ತಿಯಲ್ಲೂ ಕೆಲವು ಆಪ್ಷನ್ ಬರುತ್ತವೆ, ಕೆಲವು ಹೋಗುತ್ತವೆ, ಕೆಲವು ಹೆಸರು ಹಾಗೇ ಉಳಿಸಿಕೊಂಡು ಸ್ವಭಾವ ಬದಲಿಸುತ್ತವೆ. ಅಪಾಯ ಇರುವುದು ಈ ಮೂರನೆಯ ಜಾತಿಯಲ್ಲಿ. ಬದಲಾವಣೆಗಳನ್ನು ಹಿಡಿದು ಆಪ್ಷನ್ ಪುಟಗಳನ್ನು ಕನ್ನಡದಲ್ಲಿ ತಿದ್ದುವುದು ನಮ್ಮ ವಿಭಾಗದ ಕೆಲಸ. ಆ ಸೋಮವಾರ ಸಂಜೆಯೊಳಗೆ ಹೊಸ ಆವೃತ್ತಿಯ ಪುಟಗಳು ಹೊರಡಬೇಕಿತ್ತು.

ಈ ಕೆಲಸವನ್ನು ಕಟ್ಟಿದವರು ಆ ಹಿಂದಿನ ಮುಖ್ಯಸ್ಥರೇ. ವೇಣೂರಿನ ಜೈನ ಮನೆತನದವರು. ಸಣಕಲು ಮೈ, ಇಸ್ತ್ರಿ ಹಾಕಿದ ಬಿಳಿ ಅಂಗಿ, ಕೈಯಲ್ಲಿ ಕುದಿಸಿ ಆರಿಸಿದ ನೀರಿನ ಸ್ಟೀಲ್ ಬಾಟಲಿ. ಸೂರ್ಯ ಮುಳುಗಿದ ಮೇಲೆ ಉಣ್ಣುವವರಲ್ಲ. ಹಾಗಾಗಿ ಸಂಜೆ ಐದರ ಬಸ್ಸು ಹಿಡಿಯಲೇಬೇಕು. ಮಳೆಗಾಲದಲ್ಲಿ ಬಸ್ಸು ತಡವಾಗಿ ಮನೆ ಮುಟ್ಟುವಾಗ ಕತ್ತಲಾದರೆ ಆ ದಿನ ಊಟವಿಲ್ಲ, ಮರುದಿನ ಬೆಳಿಗ್ಗೆಯವರೆಗೆ ನೀರೂ ಇಲ್ಲ. ಆ ಹಸಿವನ್ನು ಅವರು ಮಾರನೆಯ ದಿನ ಕಚೇರಿಗೆ ತರುತ್ತಿದ್ದರು. ಲ್ಯಾನ್ಸಿ ಸಂಜೆ ಕಿಟಕಿಯಲ್ಲಿ ನಿಂತು, ‘ಇವತ್ತು ವೇಣೂರು ಬಸ್ಸು ಪಂಕ್ಚರ್ ಆಗದಿರಲಿ ದೇವರೇ, ನಾಳೆ ನನ್ನ ಪುಟ ಉಂಟು’ ಎಂದು ಶಿಲುಬೆಯ ಗುರುತು ಮಾಡಿಕೊಳ್ಳುತ್ತಿದ್ದ. ತಮಾಷೆಗೆ ಅಲ್ಲ.

ಅವರ ಪದ್ಧತಿ ಹೀಗಿತ್ತು. ಯಾರು ಪುಟ ಬರೆದರೋ ಅವರ ಕಂಪ್ಯೂಟರಿನ ಮುಂದೆ ಎಲ್ಲರೂ ನಿಲ್ಲಬೇಕು. ಪುಟದಲ್ಲಿರುವ ಉದಾಹರಣೆಯ ಆಜ್ಞೆಯನ್ನು ಒಂದು ಚುಕ್ಕೆಯೂ ಬದಲಿಸದೆ, ಬರೆದವರ ಸ್ವಂತ ಕೆಲಸದ ಫೋಲ್ಡರಿನಲ್ಲೇ ನಡೆಸಬೇಕು. ಬೇರೆ ಕಡೆ ಪರೀಕ್ಷೆಗೆಂದು ಖಾಲಿ ಫೋಲ್ಡರ್ ಮಾಡಿಕೊಳ್ಳುವಂತಿಲ್ಲ. ‘ಊರಿನ ಮಕ್ಕಳ ಫೋಲ್ಡರಿನಲ್ಲಿ ನಡೆಯುವುದು ನಿನ್ನ ಫೋಲ್ಡರಿನಲ್ಲಿ ಯಾಕೆ ನಡೆಯಬಾರದು? ನಿನ್ನದು ಎಂತ ಚಿನ್ನದ್ದಾ?’ ಎಂದು ಕೇಳುತ್ತಿದ್ದರು. ಪುಟ ಸರಿಯಿದ್ದರೆ ಏನೂ ಆಗುವುದಿಲ್ಲ. ತಪ್ಪಿದ್ದರೆ ಬರೆದವರ ಕೆಲಸವೇ ಹಾಳಾಗುತ್ತದೆ. ನನ್ನಲ್ಲಿ ನಕಲು ಇರುತ್ತಿತ್ತು, ಆದರೆ ಅದಕ್ಕೂ ಅವರದೊಂದು ಆದೇಶವಿತ್ತು: ತಪ್ಪು ಬರೆದು ಕಳೆದುಕೊಂಡವರಿಗೆ ನಕಲು ಕೊಡತಕ್ಕದ್ದಲ್ಲ, ಮುಖ್ಯಸ್ಥರ ಲಿಖಿತ ಅಪ್ಪಣೆಯಿಲ್ಲದೆ ನಕಲು ಇದೆ ಇಲ್ಲ ಎಂದೂ ಹೇಳತಕ್ಕದ್ದಲ್ಲ. ಕಳೆದುಕೊಂಡವರು ಮತ್ತೆ ಮೊದಲಿನಿಂದ ಬರೆಯಬೇಕು.

ಅದು ಕ್ರೂರ ಪದ್ಧತಿ. ಆದರೆ ಅದರಿಂದ ನಮ್ಮ ಪುಟಗಳಲ್ಲಿ ತಪ್ಪು ಉಳಿಯಲಿಲ್ಲ. ಎರಡೂ ಮಾತು ನಿಜ. ಒಂದನ್ನು ಹೇಳಿ ಇನ್ನೊಂದನ್ನು ಬಿಡುವುದು ನನಗೆ ಸರಿ ಕಾಣುವುದಿಲ್ಲ. ಅವರು ತೀರಿಕೊಂಡಾಗ ನಡೆದ ಸಭೆಯಲ್ಲಿ, ಅವರ ಕೈಯಲ್ಲಿ ಬೈಗುಳ ತಿಂದು ಕೆಲಸ ಬಿಟ್ಟವರೂ ಬಂದು ‘ತಂದೆಯ ಹಾಗೆ ಇದ್ದರು’ ಎಂದರು. ಯಾರ ತಂದೆಯೂ ಹಾಗೆ ಇರುವುದಿಲ್ಲ.

ಬರವಣಿಗೆಯಲ್ಲಿ ಅವರದು ಪಳಗಿದ ಕೈ. ಒಬ್ಬ ಹುಡುಗ ಪುಟದ ಆರಂಭದಲ್ಲಿ ಪೀಠಿಕೆ ಹಾಕಿದ್ದ. ಅದನ್ನು ಹೊಡೆದುಹಾಕಿ, ‘ಈ ಪುಟಕ್ಕೆ ಬರುವವನು ಹೆದರಿಕೊಂಡು ಬರ್ತಾನೆ ಮಾರಾಯ. ಅವನ ಪ್ರೋಗ್ರಾಂ ನಿಂತಿದೆ, ಹಿಂದೆ ಮಾಸ್ಟ್ರು ನಿಂತಿದ್ದಾರೆ. ಅವನಿಗೆ ನಿನ್ನ ಸ್ವಾಗತ ಭಾಷಣ ಯಾಕೆ?’ ಎಂದಿದ್ದರು. ಯಾವ ಆಪ್ಷನ್ ಆದರೂ ನಾಲ್ಕೇ ಮಾತು: ಹೆಸರು, ಮಾಡುವ ಕೆಲಸ, ಬಳಕೆದಾರ ಏನನ್ನೂ ಹೇಳದಿದ್ದರೆ ಏನಾಗುತ್ತದೆ ಎಂಬುದು, ಒಂದು ಉದಾಹರಣೆ. ಈ ಮೂರನೆಯದಕ್ಕೆ ಇಂಗ್ಲಿಷಿನಲ್ಲಿ ಡಿಫಾಲ್ಟ್ ಎನ್ನುತ್ತಾರೆ. ಉಳಿದ ಕಡೆ ಅದಕ್ಕೆ ಹಲ್ಲು ಮುರಿಯುವ ಕನ್ನಡ ಪದಗಳಿದ್ದವು. ಅವರು ಬರೆದದ್ದು ‘ಹೇಳದಿದ್ದರೆ’ ಎಂದು. ಇಂದಿಗೂ ನಮ್ಮ ಪ್ರತಿ ಪುಟದಲ್ಲಿ ಆ ಶೀರ್ಷಿಕೆ ಇದೆ, ಎಂಟನೆಯ ತರಗತಿಯ ಮಗುವಿಗೂ ಅರ್ಥವಾಗುತ್ತದೆ.

ಅಂಥ ಪದಗಳ ಒಂದು ಕೋಶವನ್ನು ಅವರು ಕಟ್ಟುತ್ತಿದ್ದರು. ಕಚೇರಿಯ ಕೆಲಸ ಅಲ್ಲ, ಸ್ವಂತದ್ದು. ಮಧ್ಯಾಹ್ನ ಎಲ್ಲರೂ ಊಟಕ್ಕೆ ಹೋದಾಗ ಮೇಜಿನಲ್ಲಿ ಕೂತು ಅದನ್ನು ಬರೆಯುತ್ತಿದ್ದರು. ಒಂದು ಪದಕ್ಕೆ ವಾರಗಟ್ಟಲೆ ಕಾದದ್ದೂ ಉಂಟು. ಬಸ್ಸಿನ ಕಂಡಕ್ಟರ್ ಹೇಳಿದ ಮಾತು, ಬ್ಯಾಂಕಿನ ಸಾಲಿನಲ್ಲಿ ಕೇಳಿದ ಮಾತು, ಅಡಿಕೆ ಸುಲಿಯುವವರ ಮಾತು, ಎಲ್ಲ ಅದರೊಳಗೆ ಹೋಗುತ್ತಿತ್ತು. ಅದು ಪುಸ್ತಕವಾಗಬೇಕು ಎಂಬುದೊಂದೇ ಅವರ ಆಸೆ ಎಂದು ನಮಗೆಲ್ಲ ಗೊತ್ತಿತ್ತು. ಅವರಿಗೆ ಬೇರೆ ಆಸೆ ಇದ್ದದ್ದನ್ನು ನಾನು ಕಂಡಿಲ್ಲ.

ಈಗ ಸಫಿಯಾಳ ವಿಚಾರ. ಅವಳು ಸೇರಿದ ಹೊಸತು. ಫಲಿತಾಂಶವನ್ನು ಬೇರೆ ಫೋಲ್ಡರಿಗೆ ಬರೆಯುವ ಆಪ್ಷನ್ನಿನ ಪುಟ ಅವಳಿಗೆ ಬಂದಿತ್ತು. ಆ ಆವೃತ್ತಿಯಲ್ಲಿ ಅದರ ಸ್ವಭಾವ ಬದಲಾಗಿತ್ತು: ಬರೆಯುವ ಮೊದಲು ಆ ಫೋಲ್ಡರನ್ನು ಪೂರ್ತಿ ಖಾಲಿ ಮಾಡುತ್ತಿತ್ತು. ಅವಳು ಆ ಮಾತನ್ನು ಪುಟದಲ್ಲಿ ಸರಿಯಾಗಿಯೇ ಬರೆದಿದ್ದಳು. ಆದರೆ ಉದಾಹರಣೆಯನ್ನು ಹಳೆಯ ಪುಟದಿಂದ ಹಾಗೇ ಇಳಿಸಿಕೊಂಡಿದ್ದಳು. ಹಳೆಯ ಉದಾಹರಣೆಯಲ್ಲಿ ಫೋಲ್ಡರಿನ ಹೆಸರಿನ ಜಾಗದಲ್ಲಿ ಬರೀ ಒಂದು ಚುಕ್ಕೆ ಇತ್ತು. ಚುಕ್ಕೆ ಎಂದರೆ ‘ಈಗ ನಾನಿರುವ ಫೋಲ್ಡರ್’ ಎಂದು ಅರ್ಥ.

ಅವರು ನೋಡಿದ ಕೂಡಲೇ ಹಿಡಿದಿರಬೇಕು. ಮುಖದಲ್ಲಿ ತೋರಿಸಲಿಲ್ಲ. ‘ಒತ್ತು’ ಎಂದರು. ಅವಳು ಒತ್ತಿದಳು. ಅವಳ ಫೋಲ್ಡರ್ ಖಾಲಿಯಾಯಿತು.

ಅವಳು ಮೊದಲು ಪರದೆ ನೋಡಿದಳು, ಮತ್ತೆ ನನ್ನನ್ನು ನೋಡಿದಳು. ‘ಸರ್, ಅದರಲ್ಲಿ ಬಾಪಾನ ವಾಯ್ಸ್ ಇತ್ತು’ ಎಂದಳು. ಅವಳ ತಂದೆ ಸೌದಿಯ ದಮ್ಮಾಮಿನ ಅಂಗಡಿಯೊಂದರಲ್ಲಿ ಕೆಲಸದಲ್ಲಿದ್ದವರು. ಅಲ್ಲೇ ತೀರಿಕೊಂಡು ಅಲ್ಲೇ ದಫನವಾದವರು. ಫೋನಿನಲ್ಲಿ ಕಳಿಸಿದ್ದ ಅವರ ಧ್ವನಿ ಸಂದೇಶಗಳನ್ನು, ಹಳೆಯ ಫೋನು ಪೂರ್ತಿ ಕೆಡುವ ಮೊದಲು ಇವಳು ಕಚೇರಿಯ ಕಂಪ್ಯೂಟರಿಗೆ ಹಾಕಿಟ್ಟಿದ್ದಳು. ನನ್ನ ನಕಲಿನಲ್ಲಿ ಬರಹದ ಕಡತಗಳು ಮಾತ್ರ ಬರುತ್ತವೆ. ಚಿತ್ರ, ಧ್ವನಿ ಬರುವುದಿಲ್ಲ. ಅದನ್ನು ನಾನು ಆದೇಶ ಮೀರಿ ಅವಳಿಗೆ ಹೇಳಿದೆ, ಹೇಳದೆ ಇರುವಂತಿರಲಿಲ್ಲ.

ಅಷ್ಟರಲ್ಲಿ ಅವಳ ಕೀಬೋರ್ಡಿನ ಮೇಲೆ ಒಂದು ಇರುವೆ ಹರಿಯುತ್ತಿತ್ತು. ಅವರು ಮೇಜಿನಿಂದ ಒಂದು ಕಾಗದ ತೆಗೆದು, ಅದರ ಅಂಚನ್ನು ಇರುವೆಯ ದಾರಿಗೆ ಹಿಡಿದು, ಅದು ಹತ್ತುವವರೆಗೆ ಉಸಿರು ಬಿಗಿಹಿಡಿದು ಕಾದು, ನಿಧಾನಕ್ಕೆ ಕಿಟಕಿಯ ಹತ್ತಿರ ಕೊಂಡುಹೋಗಿ ಹೊರಗೆ ಇಳಿಸಿದರು. ಮರಳಿ ಬಂದು, ಅಳುತ್ತಾ ನಿಂತಿದ್ದ ಹುಡುಗಿಗೆ ಹೇಳಿದರು: ‘ಆಫೀಸಿನ ಫೋಲ್ಡರಿನಲ್ಲಿ ಅಪ್ಪನಿಗೆ ಎಂತ ಕೆಲಸ?’

ಲ್ಯಾನ್ಸಿ ನೆಲ ನೋಡುತ್ತಿದ್ದ. ಸಫಿಯಾ ಮುಖ ತೊಳೆದುಕೊಂಡು ಬಂದು, ಕೂತು, ಚುಕ್ಕೆಯ ಜಾಗದಲ್ಲಿ ಒಂದು ಹೆಸರು ಹಾಕಿ ಪುಟ ತಿದ್ದಿದಳು. ಅವಳು ಮರುದಿನ ಬರುವುದಿಲ್ಲ ಎಂದು ಲ್ಯಾನ್ಸಿ ಹೇಳಿದ. ಬಂದಳು. ಆಮೇಲೆ ಅವಳ ಪುಟದಲ್ಲಿ ಅವರಿಗೆ ಒಂದು ತಪ್ಪನ್ನೂ ಹಿಡಿಯಲಾಗಲಿಲ್ಲ. ಹೊಗಳಲೂ ಇಲ್ಲ.

ನಿವೃತ್ತಿಗೆ ಸ್ವಲ್ಪ ಸಮಯವಿದ್ದಾಗ ಅವರು ತಾವೇ ಒಂದು ಪುಟ ಬರೆದರು, ಗುಡಿಸುವ ಆಪ್ಷನ್ನಿನದು. ಅದರ ಹೆಸರು ಕ್ಲೀನ್. ಹಳೆಯ ಆವೃತ್ತಿಯಲ್ಲಿ ಫೋಲ್ಡರಿನ ಹೆಸರು ಕೊಡದೆ ಕ್ಲೀನ್ ಒತ್ತಿದರೆ ಅದು ‘ಯಾವುದನ್ನು?’ ಎಂದು ಕೇಳಿ ನಿಲ್ಲುತ್ತಿತ್ತು. ಹಳೆಯ ಪುಟ ಬರೆದವರೂ ಅವರೇ, ಬಾಯಿಪಾಠವಾಗಿತ್ತು. ನೆನಪಿನಿಂದ ಬರೆಯಬೇಡಿ ಎಂದು ವರ್ಷಗಟ್ಟಲೆ ನಮ್ಮನ್ನು ಹುರಿದ ಮನುಷ್ಯ ಆ ದಿನ ನೆನಪಿನಿಂದ ಬರೆದರು. ‘ಹೇಳದಿದ್ದರೆ: ಏನೂ ಅಳಿಯುವುದಿಲ್ಲ’ ಎಂದು ಬರೆದು, ಹೆಸರಿಲ್ಲದ ಉದಾಹರಣೆಯನ್ನೂ ಕೊಟ್ಟರು.

ಪದ್ಧತಿಯಂತೆ ಎಲ್ಲರೂ ಅವರ ಕಂಪ್ಯೂಟರಿನ ಮುಂದೆ ನಿಂತೆವು. ಪರೀಕ್ಷೆ ನಡೆಸುವ ಸರದಿ ಸಫಿಯಾಳದ್ದು. ಆಜ್ಞೆಯನ್ನು ಪುಟದಲ್ಲಿದ್ದಂತೆಯೇ ಟೈಪ್ ಮಾಡಿ, ಕೈ ಎತ್ತಿ ಹಿಡಿದಳು.

‘ಸರ್, ಒತ್ತುವುದಾ?’

‘ಮತ್ತೆಂತ, ಪೂಜೆ ಮಾಡುವುದಾ? ಒತ್ತು.’

‘ನಿಮ್ಮ ಫೋಲ್ಡರಿನಲ್ಲೇ ಅಲ್ವಾ ಸರ್?’

‘ನನಗೆ ಬೇರೆ ಕಾನೂನು ಉಂಟಾ? ಒತ್ತು ಮಾರಾಯ್ತಿ, ನನ್ನ ಬಸ್ಸು ಹೋಗ್ತದೆ.’

ಒತ್ತಿದಳು. ಹೊಸ ಆವೃತ್ತಿ ಏನನ್ನೂ ಕೇಳಲಿಲ್ಲ. ಹೆಸರು ಕೊಡದಿದ್ದರೆ ಈಗಿರುವ ಫೋಲ್ಡರನ್ನೇ ಪೂರ್ತಿ ಗುಡಿಸಿಬಿಡುವುದು ಅದರ ಹೊಸ ಸ್ವಭಾವ. ಅವರ ಪದಕೋಶ ಆ ಫೋಲ್ಡರಿನಲ್ಲಿತ್ತು.

ಅವರು ಸ್ವಲ್ಪ ಹೊತ್ತು ಪರದೆ ನೋಡಿದರು. ‘ಪುಟ ತಪ್ಪು’ ಎಂದರು. ಕೂತು ತಿದ್ದಿದರು. ಬಾಟಲಿ ಎತ್ತಿಕೊಂಡು ಬಸ್ಸಿಗೆ ಹೋದರು.

ಅವರು ಮೆಟ್ಟಿಲು ಇಳಿದ ಮೇಲೆ ನಾನು ಸಫಿಯಾಳನ್ನು ಕೇಳಿದೆ. ‘ಬದಲಾದದ್ದು ನಿನಗೆ ಗೊತ್ತಿತ್ತಾ?’

‘ಬೆಳಿಗ್ಗೆಯೇ ಓದಿದ್ದೇನೆ. ಒತ್ತುವುದಾ ಅಂತ ಕೇಳಿದೆನಲ್ಲ ಸರ್. ನನ್ನ ಹತ್ತಿರ ಅದನ್ನೂ ಯಾರೂ ಕೇಳಿರಲಿಲ್ಲ.’

ಮರುದಿನ ಬೆಳಿಗ್ಗೆ ಅವರು ನನ್ನ ಮೇಜಿನ ಮುಂದೆ ಬಂದು ನಿಂತರು. ಅದಕ್ಕೆ ಮೊದಲು ಅವರು ನನ್ನ ಮೇಜಿಗೆ ಬಂದವರಲ್ಲ, ಕರೆಸಿಕೊಳ್ಳುತ್ತಿದ್ದರು.

‘ಸಾರ್ಜೆಂಟರೇ, ನಕಲು ಎಲ್ಲ ಸರಿಯಾಗಿ ಆಗ್ತಾ ಉಂಟಾ?’

‘ಆಗ್ತಾ ಉಂಟು ಸರ್.’

‘ಎಲ್ಲರದ್ದೂ?’

‘ಎಲ್ಲರದ್ದೂ.’

ಮುಂದಿನ ಪ್ರಶ್ನೆಗೆ ಕಾದೆ. ಒಂದು ಸಾಲು ಬರೆದು ಸಹಿ ಹಾಕಿದ್ದರೆ ಆ ನಿಮಿಷದಲ್ಲೇ ಕೋಶ ಅವರ ಪರದೆಯಲ್ಲಿರುತ್ತಿತ್ತು. ಅಧಿಕಾರ ಅವರ ಕೈಯಲ್ಲೇ ಇತ್ತು. ‘ಒಳ್ಳೆಯದು’ ಎಂದು ಹೇಳಿ ಹೊರಟುಹೋದರು. ಆಮೇಲೆ ನಿವೃತ್ತಿಯವರೆಗೆ ಆಗಾಗ ಬಂದು ಇದೇ ಎರಡು ಪ್ರಶ್ನೆ ಕೇಳಿ, ಇದೇ ಉತ್ತರ ಪಡೆದು, ಹಾಗೇ ಹೋಗುತ್ತಿದ್ದರು. ನಾನೂ ಮುಂದೆ ಹೇಳಲಿಲ್ಲ. ಲಿಖಿತ ಅಪ್ಪಣೆಯಿಲ್ಲದೆ ಹೇಳಬಾರದು ಎಂಬುದು ಅವರದೇ ಆದೇಶ. ಅವರು ಮಧ್ಯಾಹ್ನಗಳಲ್ಲಿ ಕೋಶವನ್ನು ‘ಅ’ದಿಂದ ಮತ್ತೆ ಬರೆಯಲು ತೊಡಗಿದ್ದರು. ಹಳೆಯ ಕೋಶದ ನಕಲನ್ನು ಮಾತ್ರ, ಹೊಸ ನಕಲುಗಳು ಅದನ್ನು ಮುಚ್ಚಿಹಾಕದ ಹಾಗೆ ನಾನು ಬೇರೆ ಜಾಗದಲ್ಲಿ ಇಟ್ಟಿದ್ದೆ.

ಆ ಸೋಮವಾರ ಹನ್ನೊಂದಕ್ಕೆ ಟೀಚರ್ ಬಂದರು. ತಂದೆಯದೇ ಸಣಕಲು ಮೈ. ಲ್ಯಾನ್ಸಿ ಕುರ್ಚಿ ಎಳೆದು ಕೊಟ್ಟು, ‘ನಿಮ್ಮ ಅಪ್ಪ ನಮಗೆ ತಂದೆಯ ಹಾಗೆ…’ ಎಂದು ಶುರು ಮಾಡಿದ.

‘ಮನೆಯಲ್ಲಿಯೂ ಹಾಗೆಯೇ ಇದ್ದರು’ ಎಂದರು ಟೀಚರ್.

ಅವರು ಬಂದ ಉದ್ದೇಶ ಹೇಳಿದರು. ತಂದೆ ನಿವೃತ್ತಿಯ ನಂತರವೂ ಪದಕೋಶ ಬರೆಯುತ್ತಿದ್ದರು. ‘ಗ’ ಅಕ್ಷರಕ್ಕೆ ಬಂದು ನಿಂತಿತು. ಕೊನೆಗಾಲದಲ್ಲಿ ನೆನಪು ಕೈಕೊಟ್ಟಿತು. ‘ಕಿಟಕಿಯ ಹತ್ತಿರ ಕೂತುಕೊಂಡು, ಇದಕ್ಕೆ ಒಂದು ಒಳ್ಳೆ ಪದ ಇಟ್ಟಿದ್ದೆ, ಎಂತದು, ಎಂತದು ಅಂತ ಕೇಳುವುದು. ನಮಗೆ ಹೇಗೆ ಗೊತ್ತಾಗಬೇಕು? ಡಿಫಾಲ್ಟ್‌ಗೆ ಎಂತ ಹೇಳಿದ್ದೆ ಅಂತ ಒಂದು ಇಡೀ ದಿನ ಕೇಳಿದರು. ಹೊತ್ತು ಮುಳುಗಿತು, ಊಟವೇ ಮಾಡಲಿಲ್ಲ.’

‘ಹೇಳದಿದ್ದರೆ’ ಎಂದಳು ಸಫಿಯಾ.

‘ಎಂತ ಹೇಳದಿದ್ದರೆ?’

‘ಅದೇ ಪದ ಟೀಚರ್. ಡಿಫಾಲ್ಟ್ ಅಂದರೆ ಹೇಳದಿದ್ದರೆ. ನಮ್ಮ ಎಲ್ಲ ಪುಟದಲ್ಲಿ ಉಂಟು.’

ಟೀಚರ್ ಅದನ್ನು ಫೋನಿನಲ್ಲಿ ಬರೆದುಕೊಂಡರು. ಬರೆದು ಎರಡು ಸಲ ಓದಿದರು. ‘ಇಷ್ಟು ಸುಲಭದ್ದಾ’ ಎಂದರು. ಮತ್ತೆ ನನ್ನ ಕಡೆ ತಿರುಗಿದರು. ‘ಹಳೆಯ ಕೋಶ ಪೂರ್ತಿ ಆಗಿತ್ತಂತೆ. ಇಲ್ಲಿ ಅಳಿದುಹೋದದ್ದು ಅಂತ ಹೇಳ್ತಿದ್ದರು. ನಕಲು ನೋಡಿಕೊಳ್ಳುವವರು ನೀವಲ್ವಾ? ಎಲ್ಲಿಯಾದರೂ ಒಂದು ತುಂಡು ಉಂಟಾ? ಇದ್ದರೆ ಪುಸ್ತಕ ಮಾಡಿಸುವ ಅಂತ ನನಗೆ. ಗ ತನಕ ಮಾತ್ರ ಇರುವ ಕೋಶವನ್ನು ಯಾರು ಪುಸ್ತಕ ಮಾಡ್ತಾರೆ?’

ನಾನು ಸಫಿಯಾಳನ್ನು ನೋಡಿದೆ. ಆದೇಶ ಇಂದಿಗೂ ಬದಲಾಗಿಲ್ಲ, ಹೇಳಬೇಕಾದವಳು ಅವಳು. ಅವಳಿಗೆ ನಾನಿಟ್ಟ ನಕಲಿನ ವಿಚಾರ ಗೊತ್ತಿತ್ತು. ಅಧಿಕಾರ ವಹಿಸಿಕೊಂಡ ದಿನವೇ ಎಲ್ಲ ನಕಲುಗಳ ಲೆಕ್ಕ ಒಪ್ಪಿಸಿದ್ದೆ.

‘ಇಲ್ಲ ಟೀಚರ್’ ಎಂದಳು. ‘ಅವತ್ತೇ ಹೋಗಿದೆ.’

‘ಒಂದು ಅಕ್ಷರವೂ?’

‘ಇಲ್ಲ.’

ಲ್ಯಾನ್ಸಿ ತಲೆ ಎತ್ತಿ ನನ್ನನ್ನು ನೋಡಿದ. ನಾನು ಅವನನ್ನು ನೋಡಲಿಲ್ಲ.

‘ನಿಮಗೆ ಯಾರಿಗಾದರೂ ಬೇರೆ ಪದ ನೆನಪು ಉಂಟಾ? ಹತ್ತು ಸಿಕ್ಕಿದರೂ ಆದೀತು.’

‘ಬೇರೆ ನೆನಪಿಲ್ಲ.’

ಟೀಚರ್ ಎದ್ದು ಚೀಲ ಹೆಗಲಿಗೆ ಹಾಕಿಕೊಂಡರು. ಬಾಗಿಲಲ್ಲಿ ನಿಂತು, ‘ನೀವು ಸಫಿಯಾ ಅಲ್ವಾ? ನಿಮ್ಮ ಹೆಸರು ಹೇಳ್ತಿದ್ದರು. ಆ ಆಫೀಸಿನಲ್ಲಿ ಬರೆಯಲು ಬರುವುದು ಅವಳಿಗೆ ಒಬ್ಬಳಿಗೆ ಅಂತ’ ಎಂದರು.

ಸಫಿಯಾಳ ಬೆರಳು ಕೀಬೋರ್ಡಿನ ಮೇಲೆ ನಿಂತಿತು. ‘ಬೆಳ್ತಂಗಡಿಗೆ ಬಸ್ಸು ಈಗ ಉಂಟು ಟೀಚರ್’ ಎಂದಳು. ‘ಇದು ತಪ್ಪಿದರೆ ತುಂಬಾ ಕಾಯಬೇಕಾಗ್ತದೆ.’

ಅವರು ಹೋದರು. ನಾವು ಕೆಲಸ ಮುಂದುವರಿಸಿದೆವು. ಮಧ್ಯಾಹ್ನದ ಹೊತ್ತಿಗೆ ಹೊಸ ಆಪ್ಷನ್ನುಗಳ ಪುಟ ಮುಗಿಯಿತು, ಕೈಬಿಟ್ಟವುಗಳ ಪಟ್ಟಿ ಮುಗಿಯಿತು. ಲ್ಯಾನ್ಸಿ ತನ್ನ ಪುಟವನ್ನು ತನ್ನ ಫೋಲ್ಡರಿನಲ್ಲೇ ಪರೀಕ್ಷೆಗೆ ಕೊಟ್ಟ. ಪದ್ಧತಿ ಇನ್ನೂ ಅದೇ. ಸಫಿಯಾ ಅದನ್ನು ಸಡಿಲಿಸಿಲ್ಲ. ಒತ್ತುವ ಮೊದಲು ಒಮ್ಮೆ ಕೇಳುತ್ತಾಳೆ, ಅಷ್ಟೇ ವ್ಯತ್ಯಾಸ. ಲ್ಯಾನ್ಸಿಯ ಪುಟ ಸರಿಯಿತ್ತು. ನಾಲ್ಕೂವರೆಗೆ ಎಲ್ಲ ಪುಟಗಳು ಹೊರಟವು. ಲ್ಯಾನ್ಸಿ ಯಾರಿಗೂ ಹೇಳದೆ ಹೊರಟ. ದಿನಾ ‘ಬರ್ತೇನೆ’ ಎಂದು ಹೇಳಿ ಹೋಗುವವನು.

ಇಬ್ಬರೇ ಉಳಿದಾಗ ನಾನು ಹೇಳಿದೆ. ‘ಕೋಶದ ನಕಲು ಉಂಟು.’

‘ಗೊತ್ತುಂಟು ಸರ್.’

‘ಹುಡುಗಿ ಬೆಳ್ತಂಗಡಿಯಿಂದ ಬಂದದ್ದು. ಅವಳೇನು ಮಾಡಿದ್ದಾಳೆ?’

‘ನಾನೇನು ಮಾಡಿದ್ದೆ? ಒಂದು ಚುಕ್ಕೆ.’ ಸ್ವರ ಏರಿಸಲಿಲ್ಲ. ‘ಅವರಿಗೇ ಬೇಕು ಅಂತ ಇದ್ದಿದ್ದರೆ ಬರೆದು ಕೊಡಬಹುದಿತ್ತು. ಕೊಡಲಿಲ್ಲ. ಒಂದು ಸಲ ನನ್ನ ಹತ್ತಿರ ಬಂದು, ನಿನ್ನ ಅಪ್ಪನದ್ದು ಹೋದದ್ದು ತಪ್ಪಾಯಿತು ಅಂತ ಹೇಳಬಹುದಿತ್ತು. ಅದನ್ನೂ ಹೇಳಲಿಲ್ಲ. ಇವತ್ತು ಇಲ್ಲ ಅಂತ ನಾನು ಹೇಳಿ ಆಗಿದೆ. ಹೇಳಿದ ಮೇಲೆ ಅದು ಇರಬಾರದು. ತೆಗೆಯಿರಿ.’

‘ಬರೆದು ಕೊಡಬೇಕಾಗ್ತದೆ.’

ಬರೆದು ಕಳಿಸಿದಳು. ಒಂದೇ ಸಾಲು, ಅಪ್ಪಣೆ ಸ್ಪಷ್ಟವಾಗಿತ್ತು. ಒಂದು ಪದವೂ ಹೆಚ್ಚಿರಲಿಲ್ಲ, ಅವರು ಕಲಿಸಿದ ಹಾಗೆಯೇ.

ತೆಗೆಯುವ ಮೊದಲು ಕಡತ ಅದೇ ಹೌದೇ ಎಂದು ತೆರೆದು ನೋಡುವುದು ಕ್ರಮ. ತೆರೆದೆ. ‘ಟ’ ಅಕ್ಷರದಲ್ಲಿ ತೆರೆಯಿತು. ಟೈಮ್‌ಔಟ್ ಎಂಬುದಕ್ಕೆ ‘ಕಾದು ಬಿಟ್ಟದ್ದು’ ಎಂದು ಬರೆದು, ಕೆಳಗೆ ‘ಈ ಮಾತು ಕಂಡಕ್ಟರನದ್ದು, ವೇಣೂರು ದಾರಿ’ ಎಂದು ಸೇರಿಸಿದ್ದರು. ಅದೇ ಕಡತ. ಮುಚ್ಚಿದೆ. ನಕಲಿನ ಫೋಲ್ಡರಿನ ಪೂರ್ತಿ ಹೆಸರು ಕೊಟ್ಟು, ಸರಿಯಿದೆಯೇ ಎಂದು ಅಕ್ಷರ ಅಕ್ಷರ ನೋಡಿ, ಕ್ಲೀನ್ ಒತ್ತಿದೆ. ಮತ್ತೆ ಪಟ್ಟಿ ತೆಗೆಸಿ ನೋಡಿದೆ.

‘ಇಲ್ಲ’ ಎಂದು ವರದಿ ಕೊಟ್ಟೆ.

‘ಸರಿ’ ಎಂದಳು ಸಫಿಯಾ. ಕಂಪ್ಯೂಟರ್ ಮುಚ್ಚಲಿಲ್ಲ, ಎದ್ದೂ ಹೋಗಲಿಲ್ಲ. ನಾನು ದಿನದ ನಕಲು ಶುರು ಮಾಡಿ, ಅದು ಮುಗಿಯುವವರೆಗೆ ನಿಂತು, ಮುಗಿಯಿತೆಂದು ಬರೆದಿಟ್ಟೆ.